ಹೊಳೆಯ ನಡುವೆ ಆರುವ ಕಿಡಿ

ವಯನಾಡಿನ ಬೆಟ್ಟಗಳ ಮೇಲೆ ಆಷಾಢದ ಮಳೆ ಹಿಡಿಯಿತೆಂಬುದನ್ನು ನಂಜನಗೂಡಿನ ಜನ ಪತ್ರಿಕೆ ಓದಿ ತಿಳಿಯಬೇಕಾದುದಿಲ್ಲ. ಕಪಿಲೆಯೇ ಆ ಸುದ್ದಿಯನ್ನು ಹೊತ್ತು ತರುತ್ತಾಳೆ. ನಿನ್ನೆಯವರೆಗೆ ತಿಳಿಯಾಗಿದ್ದ ನೀರು ಕೆಂಪಾಗುತ್ತದೆ. ಸ್ನಾನಘಟ್ಟದ ಮೆಟ್ಟಿಲುಗಳು ಒಂದೊಂದಾಗಿ ಮರೆಯಾಗುತ್ತವೆ. ಹದಿನಾರು ಕಾಲು ಮಂಟಪದ ಕಂಬಗಳು ನೋಡನೋಡುತ್ತ ಗಿಡ್ಡವಾಗುತ್ತವೆ. ೧೯೭೪ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಬಾಗಿಲುಗಳನ್ನು ತೆರೆದರೆಂದರೆ ತಗ್ಗಿನ ಬೀದಿಗಳವರು ಪಾತ್ರೆ ಪಗಡಗಳನ್ನು ಅಟ್ಟಕ್ಕೇರಿಸತೊಡಗುತ್ತಾರೆ. ೨೦೧೮ರಲ್ಲಿಯೂ ಅದರ ಮರುವರ್ಷ ೨೦೧೯ರ ಆಗಸ್ಟಿನಲ್ಲಿಯೂ ಮಲ್ಲನಮೂಲೆ ಮಠದ ಬಳಿ ಹೊಳೆಯು ಹೆದ್ದಾರಿಯನ್ನೇ ಏರಿ, ಮೈಸೂರಿಗೂ ನಂಜನಗೂಡಿಗೂ ನಡುವಣ ಸಂಚಾರವನ್ನು ಕಡಿದುಹಾಕಿತ್ತು.

ಅಂಥ ದಿನಗಳಲ್ಲಿ ಹರಿಗೋಲು ಕೈಕೊಡುತ್ತದೆ. ಬೇಸಿಗೆಯಲ್ಲಿ ಬುಗುರಿಯಂತೆ ತಿರುಗುತ್ತ ಜನರನ್ನು ದಾಟಿಸುವ ಆ ಬಿದಿರಿನ ಬುಟ್ಟಿ, ಪ್ರವಾಹದ ಎದುರು ಹುಟ್ಟಿನ ಮಾತನ್ನು ಕೇಳುವುದಿಲ್ಲ. ಆಗ ಬೇಕಾಗುವುದು ಹಿಂಬದಿಯಲ್ಲಿ ಮೋಟಾರು ಕಟ್ಟಿದ ದೋಣಿ. ದೋಣಿಯ ಹಿಂದಿನ ಹಲಗೆಗೆ ತಿರುಪಿನ ಹಿಡಿಗಳಿಂದ ಬಿಗಿಯುವ, ತಲೆ ಮೇಲಿದ್ದು ಕಾಲು ಮಾತ್ರ ನೀರಿನಲ್ಲಿರುವ ಈ ಯಂತ್ರಕ್ಕೆ ಔಟ್‌ಬೋರ್ಡ್ ಮೋಟಾರು ಎಂದು ಹೆಸರು. ವರ್ಷದ ಹತ್ತು ತಿಂಗಳು ಇದರ ನೆನಪು ಯಾರಿಗೂ ಬರುವುದಿಲ್ಲ. ಗೋಣಿತಟ್ಟು ಹೊದ್ದು ಕೊಟ್ಟಿಗೆಯ ಮೂಲೆಯಲ್ಲಿ ಮಲಗಿರುತ್ತದೆ. ನೀರು ಮೆಟ್ಟಿಲೇರಿದ ದಿನ ನಾಲ್ಕು ಜನ ಹೊತ್ತು ತಂದು, ದೋಣಿಗೆ ಬಿಗಿದು, ಹಗ್ಗ ಎಳೆಯುತ್ತಾರೆ. ಯಂತ್ರ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ.

ಆ ಕ್ಷಣದಲ್ಲಿ ದಡದಲ್ಲಿ ಸಲಹೆಗಾರರಿಗೇನೂ ಕೊರತೆಯಿರುವುದಿಲ್ಲ. "ಪ್ಲಗ್ ಹೋಗಿದೆ ಕಣಣ್ಣ, ಹೊಸದು ಹಾಕು" ಎಂದು ಒಬ್ಬ. "ಪ್ಲಗ್ಗೂ ಇಲ್ಲ ಗಿಗ್ಗೂ ಇಲ್ಲ, ಕಾರ್ಬ್ಯುರೇಟರ್ ಬಿಚ್ಚಪ್ಪ, ಕಸ ಕಟ್ಟಿರ್ತದೆ" ಎಂದು ಇನ್ನೊಬ್ಬ. ಮೂರನೆಯವನು ಮಾತನಾಡದೆ ಹಗ್ಗವನ್ನು ತಾನೇ ಕಸಿದುಕೊಂಡು ಎಳೆಯುತ್ತಾನೆ. ಪ್ಲಗ್ಗನ್ನು ಬಿಚ್ಚಿ ನೋಡಿದರೆ ಕಿಡಿ ಚೆನ್ನಾಗಿಯೇ ಹಾರುತ್ತದೆ. "ನೋಡಿದಿರಾ, ಕಿಡಿ ಇದೆ" ಎಂಬ ಸಮಾಧಾನದೊಡನೆ ಮತ್ತೆ ಜೋಡಿಸಿ, ಹೇಗೋ ಚಾಲೂ ಮಾಡಿ ಹೊರಡುತ್ತಾರೆ. ನಡುಹೊಳೆಯಲ್ಲಿ, ಸೆಳವಿಗೆ ಎದುರಾಗಿ ಪೂರ್ಣವೇಗ ಕೊಟ್ಟ ಕ್ಷಣವೇ ಯಂತ್ರ ನಿಲ್ಲುತ್ತದೆ.

ನಿಂತ ದೋಣಿ ನಿಂತಲ್ಲಿಯೇ ಇರುವುದಿಲ್ಲ. ನಂಜನಗೂಡಿನಿಂದ ಕೆಳಗಿಳಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಗುಂಜಾ ನರಸಿಂಹಸ್ವಾಮಿಯ ಗುಡಿ ಒಂದು ದಡದಲ್ಲಿ, ಅಗಸ್ತ್ಯೇಶ್ವರನ ಗುಡಿ ಇನ್ನೊಂದು ದಡದಲ್ಲಿ. ೧೯೮೯ರಿಂದ ಇಲ್ಲಿ ಕುಂಭಮೇಳ ನಡೆದುಬಂದಿದೆ. ೨೦೨೫ರ ಫೆಬ್ರುವರಿಯಲ್ಲಿಯೂ ನಡೆಯಿತು. ಮಾಘಮಾಸದಲ್ಲಿ ಮಿಂದು ಬಂದವರ ಕಣ್ಣಿಗೆ ಅದು ಮೊಣಕಾಲುದ್ದದ ಸಾಧು ನೀರು. ಅದೇ ಸಂಗಮವನ್ನು ಶ್ರಾವಣದಲ್ಲಿ ನೋಡಬೇಕು. ಎರಡು ಹೊಳೆಗಳು ಒಂದನ್ನೊಂದು ತಳ್ಳಿ, ಸುಳಿಯೆಬ್ಬಿಸಿ, ಕೊನೆಗೆ ಒಂದೇ ಮೈಯಾಗಿ ತಲಕಾಡಿನ ಕಡೆಗೆ ಧಾವಿಸುತ್ತವೆ. ತಲಕಾಡಿನ ಮುಂದೆ ಇರುವುದು ಶಿವನಸಮುದ್ರದ ಜಲಪಾತ. ಹೀಗಿರುವಾಗ ಒಂದು ಕಿಡಿ ಹಾರುವುದೋ ಆರುವುದೋ ಎಂಬುದು ಬರಿಯ ಯಂತ್ರಶಾಸ್ತ್ರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ದಡದಲ್ಲಿ ಕಂಡ ಕಿಡಿ ನಡುಹೊಳೆಯಲ್ಲಿ ಏಕೆ ಕಾಣೆಯಾಗುತ್ತದೆ? ಇದನ್ನು ತಿಳಿಯಬೇಕಾದರೆ ಕಿಡಿ ಹುಟ್ಟುವ ಬಗೆಯನ್ನು ಸ್ವಲ್ಪ ನೋಡಬೇಕು. ಇಂಥ ಮೋಟಾರನ್ನು ಮೊದಲಿಗೆ ಜನಪ್ರಿಯಗೊಳಿಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕೆಗೆ ಹೋಗಿ ನೆಲೆಸಿದ ಓಲೆ ಇವಿನ್ರೂಡ್. ಬಿಸಿಲಿನ ದಿನ ಪ್ರೇಯಸಿಗಾಗಿ ಐಸ್ ಕ್ರೀಮ್ ತರಲು ಸರೋವರದ ಆಚೆಗೆ ಹುಟ್ಟುಹಾಕಿಕೊಂಡು ಹೋಗಿ ಬರುವಷ್ಟರಲ್ಲಿ ಅದು ಕರಗಿಹೋಯಿತಂತೆ. ಆ ಸಂಕಟದಿಂದಲೇ ಮೋಟಾರಿನ ಯೋಚನೆ ಹುಟ್ಟಿತಂತೆ. ಕಥೆ ಎಷ್ಟು ನಿಜವೋ, ೧೯೦೯ರಲ್ಲಿ ಅವನು ಮಿಲ್ವಾಕಿ ನಗರದಲ್ಲಿ ಮಾರಲಾರಂಭಿಸಿದ ಯಂತ್ರವಂತೂ ನಿಜ. ಒಂದೂವರೆ ಅಶ್ವಶಕ್ತಿ, ೬೨ ಪೌಂಡು ತೂಕ. ಆ ಹೆಸರಿನ ಮೋಟಾರುಗಳ ತಯಾರಿಕೆ ೨೦೨೦ರಲ್ಲಿ ನಿಂತುಹೋಯಿತು.

ಹಳೆಯ ದೋಣಿಮೋಟಾರಿಗೆ ಬ್ಯಾಟರಿಯ ಹಂಗಿಲ್ಲ. ಮೇಲಿನ ಮುಚ್ಚಳ ತೆಗೆದರೆ ಕಾಣುವ ದಪ್ಪ ಚಕ್ರವೇ ಫ್ಲೈವೀಲ್. ಅದರ ಒಳಮೈಯಲ್ಲಿ ಅಯಸ್ಕಾಂತಗಳನ್ನು ಹುದುಗಿಸಿರುತ್ತಾರೆ. ಹಗ್ಗ ಎಳೆದಾಗ ಚಕ್ರ ತಿರುಗಿ, ಅಯಸ್ಕಾಂತಗಳು ತಾಮ್ರದ ತಂತಿಯ ಸುರುಳಿಯ ಪಕ್ಕದಲ್ಲಿ ಹಾದುಹೋಗುತ್ತವೆ. ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ೧೮೩೧ರಲ್ಲಿ ಫ್ಯಾರಡೆ ಕಂಡುಹಿಡಿದದ್ದು ಇದೇ ತತ್ತ್ವ. ಇದನ್ನು ಅರಿಯಲು ನರಸೀಪುರದ ಜನ ದೂರ ಹೋಗಬೇಕಾಗಿಲ್ಲ. ಹೊಳೆಯ ಕೆಳಗೆ ಶಿವನಸಮುದ್ರದಲ್ಲಿ ೧೯೦೨ರಲ್ಲಿ ವಿದ್ಯುತ್ತನ್ನು ಹುಟ್ಟಿಸಿ, ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದ್ದು ಇದೇ ತತ್ತ್ವದ ಬಲದಿಂದ. ಎಂಜಿನ್ನುಗಳಿಗೆ ಪ್ರಬಲವಾದ ಕಿಡಿಯನ್ನೀಯುವ ಹೈ ಟೆನ್ಷನ್ ಮ್ಯಾಗ್ನೆಟೋವನ್ನು ಜರ್ಮನಿಯ ಬಾಷ್ ಕಾರ್ಖಾನೆ ಹೊರತಂದುದೂ ಅದೇ ೧೯೦೨ರಲ್ಲಿಯೇ ಎಂಬುದು ಒಂದು ಸೊಗಸಾದ ಕಾಕತಾಳೀಯ.

ಆದರೆ ಸುರುಳಿಯಲ್ಲಿ ಹುಟ್ಟಿದ ಅಲ್ಪ ವಿದ್ಯುತ್ತು ಪ್ಲಗ್ಗಿನ ಬಾಯಲ್ಲಿ ಕಿಡಿಯಾಗಿ ಹಾರಲಾರದು. ಅದಕ್ಕೆ ಹತ್ತು ಹದಿನೈದು ಸಾವಿರ ವೋಲ್ಟುಗಳ ಒತ್ತಡ ಬೇಕು. ಇಲ್ಲಿಯೇ ಜಾಣ್ಮೆಯಿರುವುದು. ವಿದ್ಯುತ್ತು ಹರಿಯುತ್ತಿರುವಾಗಲೇ ಅದರ ದಾರಿಯನ್ನು ಥಟ್ಟನೆ ಕಡಿದರೆ, ಸುರುಳಿಯ ಕಾಂತಬಲ ಕುಸಿದು, ಅದರ ಮೇಲೆ ಸುತ್ತಿದ ಸಾವಿರಾರು ಸುತ್ತಿನ ಎರಡನೆಯ ಸುರುಳಿಯಲ್ಲಿ ಆ ಭಾರಿ ಒತ್ತಡ ಎದ್ದೇಳುತ್ತದೆ. ದಾರಿ ಕಡಿಯುವ ಕೆಲಸ ಪಾಯಿಂಟುಗಳದು. ಸಾಸಿವೆಗಿಂತ ತುಸು ದೊಡ್ಡದಾದ, ತೆರೆದು ಮುಚ್ಚುವ ಎರಡು ಲೋಹದ ಗುಂಡಿಗಳು. ಪಕ್ಕದಲ್ಲಿ ಕಂಡೆನ್ಸರ್ ಎಂಬ ಪುಟ್ಟ ಡಬ್ಬಿ. ತೂಬು ಮುಚ್ಚಿದೊಡನೆ ನುಗ್ಗುವ ನೀರನ್ನು ಪಕ್ಕದ ಕೊಳಕ್ಕೆ ತಿರುಗಿಸಿದಂತೆ, ಪಾಯಿಂಟು ತೆರೆದಾಗ ಅಲ್ಲಿಯೇ ಕಿಡಿಯಾಗಿ ವ್ಯರ್ಥವಾಗಬಹುದಾದ ವಿದ್ಯುತ್ತನ್ನು ಈ ಡಬ್ಬಿ ತನ್ನೊಳಗೆ ಎಳೆದುಕೊಳ್ಳುತ್ತದೆ.

ಈಗ ದಡದ ಕಿಡಿಗೂ ನಡುಹೊಳೆಯ ಕಿಡಿಗೂ ಇರುವ ಅಂತರ ತಿಳಿಯುತ್ತದೆ. ಬಿಚ್ಚಿ ಹಿಡಿದ ಪ್ಲಗ್ಗಿನ ಕಿಡಿ ಬಯಲಿನ ಗಾಳಿಯಲ್ಲಿ ಹಾರುತ್ತದೆ. ಸಿಲಿಂಡರಿನ ಒಳಗಾದರೋ ಪಿಸ್ಟನ್ನು ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಹಲವು ಪಟ್ಟು ಒತ್ತಿಟ್ಟಿರುತ್ತದೆ. ಒತ್ತಿದ ಗಾಳಿಯನ್ನು ಸೀಳಿ ಹಾರಲು ಬಹಳ ಹೆಚ್ಚಿನ ವೋಲ್ಟು ಬೇಕು. ಮೆಲ್ಲಗೆ ಓಡುವಾಗ ಸಿಲಿಂಡರಿಗೆ ಬರುವ ಗಾಳಿಯೇ ಕಡಿಮೆ, ಒತ್ತಡವೂ ಕಡಿಮೆ. ದುರ್ಬಲ ಕಿಡಿಯೂ ಹೇಗೋ ಕೆಲಸ ನಡೆಸುತ್ತದೆ. ಪೂರ್ಣವೇಗ ಕೊಟ್ಟೊಡನೆ ಸಿಲಿಂಡರು ತುಂಬುತ್ತದೆ, ಕಿಡಿ ಸೋಲುತ್ತದೆ. ಯಂತ್ರ ಸೋಲುವುದು ಶಕ್ತಿ ಅತ್ಯಂತ ಅಗತ್ಯವಾದ ಹೊತ್ತಿನಲ್ಲಿಯೇ. ಬಯಲಿನಲ್ಲಿ ಕಂಡ ಮೂರು ಕೂದಲೆಳೆಯಷ್ಟು ಕಿಡಿಯನ್ನು ನಂಬಿ ಪ್ರವಾಹಕ್ಕೆ ಇಳಿಯುವುದು, ಅಂಗಳದಲ್ಲಿ ಈಜು ಕಲಿತು ಕಪಿಲೆಗೆ ಹಾರಿದಂತೆಯೇ.

ಆದುದರಿಂದ ಅನುಭವಿ ಕೆಲಸಗಾರರು ಕಿಡಿಯನ್ನು ಪ್ಲಗ್ಗಿನಲ್ಲಿ ನೋಡಿ ತೃಪ್ತರಾಗುವುದಿಲ್ಲ. ತಂತಿಯ ತುದಿಗೂ ಎಂಜಿನ್ನಿನ ಮೈಗೂ ನಡುವೆ ಸುಮಾರು ಕಾಲಂಗುಲದ, ಎಂದರೆ ಆರು ಮಿಲಿಮೀಟರಿನ, ಅಂತರವಿರುವ ಪರೀಕ್ಷಾಸಾಧನವನ್ನು ಇಡುತ್ತಾರೆ. ಆ ಕಂದಕವನ್ನು ನೀಲಿಯ ಕಿಡಿ ಚಟಚಟನೆ ದಾಟಿದರೆ ಅದು ನಂಬಬಹುದಾದ ಕಿಡಿ. ಹಳದಿಯಾಗಿ, ಮಂಕಾಗಿ, ಒಮ್ಮೆ ಹಾರಿ ಇನ್ನೊಮ್ಮೆ ಹಾರದಿದ್ದರೆ ಸಂಶಯಪಡಬೇಕು. ಪರೀಕ್ಷೆ ಮಾಡುವಾಗ ಪ್ಲಗ್ಗಿನ ತೂತಿನಿಂದ ದೂರದಲ್ಲಿಯೇ ಮಾಡಬೇಕು. ಅಲ್ಲಿಂದ ಹೊರಬರುವ ಪೆಟ್ರೋಲಿನ ಆವಿಗೆ ಇದೇ ಕಿಡಿ ಬೆಂಕಿ ಹಚ್ಚೀತು. ತಂತಿಯನ್ನು ಬರಿಗೈಯಲ್ಲಿ ಹಿಡಿಯಬಾರದೆಂಬುದನ್ನು ಒಮ್ಮೆ ಹಿಡಿದವರಿಗೆ ಹೇಳಬೇಕಾಗಿಲ್ಲ. ತಂತಿಯನ್ನು ಎಲ್ಲಿಯೂ ತಾಗಿಸದೆ ಬಿಟ್ಟು ಹಗ್ಗ ಎಳೆಯುವುದೂ ತಪ್ಪು. ಹೊರದಾರಿ ಕಾಣದ ವೋಲ್ಟು ಕಾಯಿಲಿನ ಒಳಹೊದಿಕೆಯನ್ನೇ ಸೀಳಬಹುದು.

ಅದಕ್ಕೂ ಮೊದಲು ಪ್ಲಗ್ಗು ಹೇಳುವ ಸುದ್ದಿಯನ್ನು ಕೇಳಬೇಕು. ಹತ್ತು ಬಾರಿ ಹಗ್ಗ ಎಳೆದ ಮೇಲೂ ಪ್ಲಗ್ಗಿನ ತುದಿ ಒಣಗಿದ್ದರೆ ಪೆಟ್ರೋಲು ಬಂದೇ ಇಲ್ಲ. ಕಾರ್ಬ್ಯುರೇಟರಿನ ಪಕ್ಷಪಾತಿಯ ಮಾತೇ ಸರಿ. ಒದ್ದೆಯಾಗಿ ಪೆಟ್ರೋಲಿನ ವಾಸನೆ ಹೊಡೆಯುತ್ತಿದ್ದರೆ, ಅಡಿಗೆಗೆ ಸಾಮಾನೆಲ್ಲ ಬಂದಿದೆ, ಒಲೆ ಹಚ್ಚುವವರಿಲ್ಲ ಎಂದರ್ಥ. ಕಪ್ಪಾಗಿ ಎಣ್ಣೆ ಬಳಿದಿದ್ದರೆ ಪೆಟ್ರೋಲಿಗೆ ಎಣ್ಣೆ ಬೆರೆಸಿದವರ ಕೈ ಉದಾರವಾಗಿತ್ತು. ಕೆಲವು ಮೋಟಾರುಗಳಿಗೆ ೨೪ ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ, ಅನಂತರದ ಹಲವಕ್ಕೆ ೫೦ ಪಾಲಿಗೆ ಒಂದು. ತಯಾರಕರ ಪುಸ್ತಕದಲ್ಲಿರುವುದನ್ನು ಬಿಟ್ಟು ಅಂದಾಜಿನಲ್ಲಿ ಸುರಿದರೆ ಪ್ಲಗ್ಗು ಮುಚ್ಚಿಹೋಗುತ್ತದೆ. ಕರಾವಳಿಯ ಮೀನುಗಾರರು ಬಳಸುವ, ಪೆಟ್ರೋಲಿನಲ್ಲಿ ಹೊರಟು ಸೀಮೆಎಣ್ಣೆಯಲ್ಲಿ ಓಡುವ ಮೋಟಾರುಗಳಲ್ಲಂತೂ ಮಸಿಯ ಕಾಟ ಇನ್ನೂ ಹೆಚ್ಚು. ಏನೇ ಇರಲಿ, ಹೊಸ ಪ್ಲಗ್ಗು ಅಗ್ಗದ ವಸ್ತು. ಅದನ್ನು ಹಾಕಿ ನೋಡಿ ಎಂದವನ ಸಲಹೆಯೂ ಪೂರ್ತಿ ದಡ್ಡತನವಲ್ಲ. ಅಲ್ಲಿಗೇ ಪರೀಕ್ಷೆಯನ್ನು ನಿಲ್ಲಿಸುವುದು ಮಾತ್ರ ದಡ್ಡತನ.

ಹೊಸ ಪ್ಲಗ್ಗಿನಲ್ಲಿಯೂ ಕಿಡಿಯಿಲ್ಲದಿದ್ದರೆ ಕೈ ಹೋಗಬೇಕಾದುದು ಫ್ಲೈವೀಲಿನ ಕಡೆಗಲ್ಲ, ನಿಲ್ಲಿಸುವ ಗುಂಡಿಯ ಕಡೆಗೆ. ಇಲ್ಲಿ ಮೈಸೂರು ಸೀಮೆಯ ಹಳೆಯ ಮೆಕ್ಯಾನಿಕ್ಕುಗಳೂ ಒಮ್ಮೊಮ್ಮೆ ಮೋಸಹೋಗುವುದುಂಟು, ಕಾರಣ ಸ್ವಾರಸ್ಯಕರವಾಗಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಿಂದ ೧೯೯೬ರವರೆಗೆ ಎಬ್ಬಿಸಿದ ಮೋಟಾರ್ ಸೈಕಲ್ಲುಗಳ ಗುಡುಗಿನಲ್ಲಿಯೇ ಈ ಭಾಗದ ಎಷ್ಟೋ ಕೈಗಳು ಪಾಯಿಂಟು, ಕಂಡೆನ್ಸರುಗಳ ವಿದ್ಯೆಯನ್ನು ಕಲಿತವು. ಅದೂ ಎರಡು ಹೊಡೆತದ ಎಂಜಿನ್ನೇ, ಇದೂ ಅದೇ ಜಾತಿಯದೇ. ಆದರೆ ಜಾವಾದ ಕಿಡಿ ಬ್ಯಾಟರಿಯನ್ನು ನಂಬಿದ್ದು; ಅಲ್ಲಿ ಬೀಗದ ಕೈ ತಿರುಗಿಸಿದರೆ ತಂತಿ ಕಡಿದು ಎಂಜಿನ್ನು ನಿಲ್ಲುತ್ತದೆ. ಮ್ಯಾಗ್ನೆಟೋ ಮೋಟಾರಿನಲ್ಲಿ ಇದು ತಲೆಕೆಳಗು. ಗುಂಡಿ ಒತ್ತಿದರೆ ತಂತಿ ಎಂಜಿನ್ನಿನ ಮೈಗೆ ಕೂಡಿ, ವಿದ್ಯುತ್ತು ನೆಲ ಹಿಡಿದು, ಕಿಡಿ ಸಾಯುತ್ತದೆ. ಹಾಗಾಗಿ ಇಲ್ಲಿ ತಂತಿ ಹರಿದರೆ ಎಂಜಿನ್ನು ನಿಲ್ಲದೆ ಕಾಡುತ್ತದೆ. ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗಿದರೆ ಚಾಲೂ ಆಗದೆ ಕಾಡುತ್ತದೆ. ಇಲಿ ಕಡಿದ ಒಂದು ತಂತಿ ಇಡೀ ಯಂತ್ರವನ್ನು ಮೂಕವಾಗಿಸಬಲ್ಲದು. ಆ ತಂತಿಯನ್ನು ಕಳಚಿ ಮತ್ತೆ ಹಗ್ಗ ಎಳೆದಾಗ ಕಿಡಿ ಬಂದರೆ ರೋಗ ಅಲ್ಲಿಯೇ ಇದೆ. ಒಂದು ನಿಮಿಷದ ಕೆಲಸ; ಇದನ್ನು ಮಾಡದೆ ಇಡೀ ಮೋಟಾರನ್ನು ಬಿಚ್ಚಿ ಹರಡಿಕೊಂಡು ಕೂತ ಪ್ರಸಂಗಗಳು ಬೇಕಾದಷ್ಟಿವೆ.

ಪ್ಲಗ್ಗಿಗೆ ಹೋಗುವ ದಪ್ಪ ತಂತಿಯನ್ನು ಕತ್ತಲಲ್ಲಿ ನೋಡಬೇಕು. ರಬ್ಬರು ಬಿರಿದಿದ್ದಲ್ಲಿ ನೀಲಿಯ ಸಣ್ಣ ಮಿಂಚು ಎಂಜಿನ್ನಿನ ಮೈಗೆ ಹಾರುವುದು ಹಗಲಿನಲ್ಲಿ ಕಾಣದು.

ಇಷ್ಟಾದರೂ ತಪ್ಪು ಸಿಗದಿದ್ದರೆ ಫ್ಲೈವೀಲನ್ನು ತೆಗೆಯಲೇಬೇಕು. ಅದಕ್ಕೆಂದೇ ಪುಲ್ಲರು ಎಂಬ ಸಲಕರಣೆಯಿದೆ. ಅದು ಕೈಗೆ ಸಿಗದಾಗ ಸುತ್ತಿಗೆ ಸಿಗುತ್ತದೆ, ಅನರ್ಥ ಅಲ್ಲಿಂದ ಆರಂಭವಾಗುತ್ತದೆ. ಪೆಟ್ಟು ಬಿದ್ದ ಅಯಸ್ಕಾಂತ ಸಡಿಲಬಹುದು, ಬಿರಿಯಬಹುದು. ಕ್ರ್ಯಾಂಕಿನ ತುದಿ ಜಜ್ಜಿಹೋಗಬಹುದು. ಚಕ್ರವನ್ನು ಅದರ ಸ್ಥಾನದಲ್ಲಿ ಹಿಡಿದಿರುವ ಚಿಕ್ಕ ಲೋಹದ ಕೀಲನ್ನೂ ಆಗಲೇ ನೋಡಿಬಿಡಬೇಕು. ಪ್ರೊಪೆಲ್ಲರು ಬಂಡೆಗೆ ಬಡಿದ ಮೋಟಾರುಗಳಲ್ಲಿ ಈ ಕೀಲು ಅರ್ಧ ಕತ್ತರಿಸಿ, ಚಕ್ರ ತುಸುವೇ ಜರುಗಿರುವುದುಂಟು. ಆಗ ಕಿಡಿ ಬರುತ್ತದೆ, ಆದರೆ ಹೊತ್ತು ತಪ್ಪಿ ಬರುತ್ತದೆ. ಮಂಗಳಾರತಿ ಮುಗಿದ ಮೇಲೆ ಗಂಟೆ ಬಾರಿಸಿದರೆ ಏನು ಫಲ?

ಚಕ್ರದ ಕೆಳಗೆ ಕಾಣುವ ಪಾಯಿಂಟುಗಳೇ ಬಹುಪಾಲು ಸಂದರ್ಭಗಳಲ್ಲಿ ಅಪರಾಧಿಗಳು. ದುಡಿದು ಕೆಟ್ಟವಕ್ಕಿಂತ ಸುಮ್ಮನೆ ಕೂತು ಕೆಟ್ಟವೇ ಹೆಚ್ಚು. ಹತ್ತು ತಿಂಗಳ ತೇವದಲ್ಲಿ ಅವುಗಳ ಮುಖದ ಮೇಲೆ ಬೂದುಬಣ್ಣದ ತೆಳುಪೊರೆ ಕಟ್ಟುತ್ತದೆ. ಕಣ್ಣಿಗೆ ಅದು ಏನೂ ಅಲ್ಲ. ಆದರೆ ವಿದ್ಯುತ್ತಿಗೆ ಅದೇ ಗೋಡೆ. ನಯವಾದ ಅರದಿಂದಲೋ ನುಣುಪಾದ ಉಪ್ಪುಕಾಗದದಿಂದಲೋ ಹದವಾಗಿ ಉಜ್ಜಿ, ಅನಂತರ ಸ್ಪಿರಿಟ್ಟಿನಲ್ಲಿ ನೆನೆಸಿದ ಗಟ್ಟಿ ಕಾಗದವನ್ನು ಮುಚ್ಚಿದ ಪಾಯಿಂಟುಗಳ ನಡುವೆ ಎಳೆಯಬೇಕು. ಹಳೆಯ ವಿಸಿಟಿಂಗ್ ಕಾರ್ಡು ಇದಕ್ಕೆ ಬಹಳ ಚೆನ್ನ. ಎರಡನೆಯ ಕೆಲಸವನ್ನು ಬಿಟ್ಟರೆ ಮೊದಲನೆಯದು ವ್ಯರ್ಥ. ಉಜ್ಜಿದ ಪುಡಿಯೂ ಬೆರಳಿನ ಜಿಡ್ಡೂ ಹೊಸ ಪೊರೆಯಾಗುತ್ತವೆ. ಪಾಯಿಂಟುಗಳು ಪೂರ್ತಿ ತೆರೆದಾಗಿನ ಅಂತರ ಹಲವು ಹಳೆಯ ಮೋಟಾರುಗಳಲ್ಲಿ ಅಂಗುಲದ ಸಾವಿರದಲ್ಲಿ ೨೦ ಪಾಲು, ಸುಮಾರು ಅರ್ಧ ಮಿಲಿಮೀಟರು. ಇದನ್ನು ಫೀಲರ್ ಗೇಜಿನಿಂದ ಅಳೆಯಬೇಕೇ ಹೊರತು ಕಣ್ಣಂದಾಜಿನಿಂದಲ್ಲ. ಅಂತರ ಹೆಚ್ಚಾದರೆ ಕಿಡಿ ಬೇಗ, ಕಡಿಮೆಯಾದರೆ ತಡ.

ಪಾಯಿಂಟುಗಳ ಮುಖ ಸುಟ್ಟು ಗುಳಿಬಿದ್ದಿದ್ದರೆ ಅವನ್ನು ಬೈಯುವ ಮುನ್ನ ಕಂಡೆನ್ಸರನ್ನು ಸಂಶಯಿಸಬೇಕು. ಇನ್ನು ಕಾಯಿಲ್. ಹಳೆಯ ಕಾಯಿಲಿನ ಹೊರಹೊದಿಕೆ ಒಣಗಿದ ಕೆರೆಯ ತಳದಂತೆ ಬಿರಿದಿದ್ದರೆ ಮತ್ತಾವ ಸಾಕ್ಷಿಯೂ ಬೇಡ. ಬಿರುಕು ಕಾಣದಿದ್ದರೆ ಮಾತ್ರ ಅದು ಕಪಟಿ. ಮೀಟರಿನಲ್ಲಿ ಅಳೆದರೆ ಎಲ್ಲವೂ ಸರಿಯೆಂದೇ ಬರುತ್ತದೆ, ಏಕೆಂದರೆ ಮೀಟರು ಹಾಯಿಸುವುದು ಕೈಬ್ಯಾಟರಿಯ ಸೆಲ್ಲಿನ ಬಲವನ್ನು. ಸಾವಿರಾರು ವೋಲ್ಟಿನಲ್ಲಿ ಸೋರುವ ಬಿರುಕು ಅಷ್ಟಕ್ಕೆ ಬಾಯಿಬಿಡುವುದಿಲ್ಲ. ತಣ್ಣಗಿದ್ದಾಗ ಸುಭಗನಂತಿದ್ದು, ಇಪ್ಪತ್ತು ನಿಮಿಷ ಓಡಿ ಬಿಸಿಯಾದ ಮೇಲೆ ಕಾಯಿಲೂ ಕಂಡೆನ್ಸರೂ ಕೈಬಿಡುತ್ತವೆ. ನಿಂತ ಮೋಟಾರು ಅರ್ಧಗಂಟೆ ತಣಿದು ಮತ್ತೆ ಒಂದೇ ಎಳೆತಕ್ಕೆ ಚಾಲೂ ಆಯಿತೆಂದರೆ ಜನ ಹರ್ಷಿಸುತ್ತಾರೆ. ವಾಸ್ತವವಾಗಿ ಅದೇ ರೋಗದ ಲಕ್ಷಣ.

ಎರಡು ಸಿಲಿಂಡರಿನ ಮೋಟಾರಿನಲ್ಲಿ ಒಂದು ಅನುಕೂಲವಿದೆ. ಅನೇಕ ಮಾದರಿಗಳಲ್ಲಿ ಪಾಯಿಂಟು, ಕಂಡೆನ್ಸರು, ಕಾಯಿಲುಗಳು ಎರಡೆರಡು ಜೊತೆ. ಕಿಡಿ ಇಲ್ಲದ ಕಡೆಯ ಕಾಯಿಲನ್ನು ಕಿಡಿ ಇರುವ ಕಡೆಗೆ ಬದಲಾಯಿಸಿ ನೋಡಬೇಕು. ರೋಗ ಕಾಯಿಲಿನ ಜೊತೆಗೇ ಹೋದರೆ ಅದೇ ಅಪರಾಧಿ. ಹೋಗದಿದ್ದರೆ ಅದು ನಿರಪರಾಧಿ, ಕಂಡೆನ್ಸರಿನ ಸರದಿ. ಒಂದು ಬಾರಿಗೆ ಒಂದನ್ನೇ ಬದಲಾಯಿಸಬೇಕೆಂಬುದೇ ಇದರ ಜೀವಾಳ. ಆತುರದಲ್ಲಿ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿದವರಿಗೆ ಮೋಟಾರು ಓಡಿದರೂ ಏಕೆ ಓಡಿತೆಂದು ತಿಳಿಯುವುದಿಲ್ಲ. ಮುಂದಿನ ಮಳೆಗಾಲಕ್ಕೆ ಅದೇ ಕತೆ.

೧೯೭೦ರ ದಶಕದಿಂದೀಚೆಗೆ ಪಾಯಿಂಟುಗಳೇ ಇಲ್ಲದ ಸಿ.ಡಿ.ಐ. ಎಂಬ ವಿಧಾನ ಹಬ್ಬಿತು. ಅಲ್ಲಿ ದಾರಿ ಕಡಿಯುವ ಗುಂಡಿಗಳಿಗೆ ಬದಲಾಗಿ ಮುಚ್ಚಿದ ಪೆಟ್ಟಿಗೆಯೊಂದು ಕೆಲಸ ಮಾಡುತ್ತದೆ. ಒಳಗೆ ನೂರಾರು ವೋಲ್ಟು ಕೂಡಿಟ್ಟಿರುವುದರಿಂದ ಅದರ ತಂತಿಗಳಿಗೆ ಬೆರಳು ತಾಗಿಸಬಾರದು. ಸಾಮಾನ್ಯ ಮೀಟರಿನಿಂದ ಅದರ ಕ್ಷಣಿಕ ವೋಲ್ಟು ಅಳೆಯುವುದೂ ಆಗದು. ಆದರೂ ನಿಲ್ಲಿಸುವ ತಂತಿಯನ್ನು ಮೊದಲು ಕಳಚಿ ನೋಡುವುದು ಅದಕ್ಕೂ ಹೊಂದುತ್ತದೆ.

ಕೊನೆಯ ಪರೀಕ್ಷೆ ಹೊಳೆಯಲ್ಲಲ್ಲ, ಹಿತ್ತಲಿನಲ್ಲಿ. ಅದೂ ಜೇಷ್ಠಮಾಸ ಮುಗಿಯುವುದರೊಳಗೆ. ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ, ಮೋಟಾರನ್ನು ಭದ್ರವಾಗಿ ಬಿಗಿದು ಓಡಿಸಬೇಕು. ನೀರಿಲ್ಲದೆ ಓಡಿಸಿದರೆ ಯಂತ್ರವನ್ನು ತಂಪಾಗಿಡುವ ಪಂಪಿನ ರಬ್ಬರು ಚಕ್ರ ಕ್ಷಣಗಳಲ್ಲಿ ಕೆಡುತ್ತದೆ. ಡ್ರಮ್ಮಿನಲ್ಲಿ ಪೂರ್ಣವೇಗ ಕೊಡಲಾಗದು, ನೀರೆಲ್ಲ ಹೊರಗೆ ಚೆಲ್ಲುತ್ತದೆ. ಇಪ್ಪತ್ತು ನಿಮಿಷ ಓಡಿಸಿ ಬಿಸಿಯಾದಾಗಿನ ಸ್ವಭಾವವನ್ನಾದರೂ ನೋಡಬಹುದು. ಒಡನೆಯೇ, ಬಿಸಿ ಆರುವ ಮುನ್ನ, ಕಾಲಂಗುಲದ ಕಿಡಿಯನ್ನು ಮತ್ತೊಮ್ಮೆ ನೋಡಬೇಕು. ಅದು ದಾಟಿದ ಮೇಲೆ ದೋಣಿಗೆ ಕಟ್ಟಿ, ನೀರು ತಗ್ಗಾಗಿರುವಾಗಲೇ ದಡದ ಅಂಚಿನಲ್ಲಿ, ಉದ್ದನೆಯ ಹಗ್ಗದಿಂದ ಗಟ್ಟಿ ಮರಕ್ಕೆ ಬಿಗಿದು, ಪೂರ್ಣವೇಗದಲ್ಲಿ ಜಗ್ಗಿಸಬೇಕು. ಮರವನ್ನೆಳೆಯುವ ಮೋಟಾರಿಗೆ ಪ್ರವಾಹದ ಎದುರು ಓಡುವಷ್ಟೇ ಭಾರ ಬೀಳುತ್ತದೆ. ಅಲ್ಲಿ ನಿಂತರೆ ನಡೆದುಕೊಂಡು ಮನೆಗೆ ಬರಬಹುದು.

ಅಂಥ ಪರೀಕ್ಷೆಯಲ್ಲಿ ಗೆದ್ದ ಮೋಟಾರಿನ ಮುಚ್ಚಳದ ಒಳಮೈಯಲ್ಲಿ ಪಾಯಿಂಟು ಉಜ್ಜಿದ ತಾರೀಖನ್ನೂ ಅಂತರದ ಅಳತೆಯನ್ನೂ ಬಣ್ಣದಲ್ಲಿ ಬರೆದಿಡುತ್ತಾರೆ. ಒಂದು ಜೊತೆ ಪ್ಲಗ್ಗು, ಅದರ ಸ್ಪ್ಯಾನರು, ಒಂದು ಕಂಡೆನ್ಸರು, ಮೋಟಾರಿನ ತಲೆಗೆ ಸುತ್ತಿ ಎಳೆಯಲು ಒಂದು ತುಂಡು ಹಗ್ಗ, ಇಷ್ಟನ್ನು ಮೇಣಬಟ್ಟೆಯಲ್ಲಿ ಸುತ್ತಿ ದೋಣಿಯ ಹಲಗೆಯ ಕೆಳಗೆ ಕಟ್ಟುತ್ತಾರೆ. ಅನಂತರ ಹುಟ್ಟುಗಳೆರಡನ್ನೂ ಲಂಗರನ್ನೂ ತಂದು ದೋಣಿಯೊಳಗೆ ಇಡುತ್ತಾರೆ.